ಒರೆಸುವವಳ ಕೈ

"ಕೈಗೇ ಕೊಡಕ್ಕೆ ಬರ್ತೀಯೇನೇ, ದರಿದ್ರ ಮುಂಡೆ? ಮೇಜಿನ ತುದೀಲಿಡು. ಇನ್ನೂ ತುದೀಲಿ."

ರಂಗಿ ಪುಸ್ತಕವನ್ನು ಮೇಜಿನ ತುದಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಗುಮಾಸ್ತ ರಾಯರು ಹಿತ್ತಾಳೆ ಚೊಂಬಿನಲ್ಲಿ ದರ್ಭೆ ಅದ್ದಿ ಅದರ ಮೇಲೆ ಮೂರು ಸಲ ನೀರು ಚಿಮುಕಿಸಿದರು. ಆಮೇಲೆ ಎತ್ತಿಕೊಂಡು ಒಳಗೆ ಹೋಗಿ ಕಪಾಟಿನಲ್ಲಿಟ್ಟು ಬಂದರು. ರಟ್ಟಿಗೆ ಹೊದಿಸಿದ್ದದ್ದು ಬಿಳಿ ದೊರೆಗಳ ಸೀಮೆಯಲ್ಲಿ ಸತ್ತ ಯಾವುದೋ ಹಸುವಿನ ತೊಗಲು. ಅದು ರಾಯರಿಗೆ ಮೈಲಿಗೆಯಲ್ಲ. ಆ ಹಸುವನ್ನು ತಿನ್ನುವ ದೊರೆಗಳ ಕೈಯೂ ಮೈಲಿಗೆಯಲ್ಲ. ಅವರು ಓದಿ ತಂದ ಪುಸ್ತಕವನ್ನು ನಡು ಬಗ್ಗಿಸಿ ಇಸಿದುಕೊಳ್ಳುತ್ತಿದ್ದರು. ತೊಗಲನ್ನು ಒರೆಸಿದ ಕೈ ಮಾತ್ರ ಮೈಲಿಗೆ.

ಊಟಿಯ ದೊರೆಗಳು ಚಂದಾ ಹಾಕಿ ಕಟ್ಟಿಕೊಂಡ ಲೈಬ್ರರಿ ಅದು. ನಾಲ್ಕು ಕೋಣೆ, ನಾಲ್ಕು ಸಾವಿರ ಪುಸ್ತಕ. ಆಷಾಢದ ಮಂಜು ಇಳಿಯಿತೆಂದರೆ ರಟ್ಟುಗಳಿಗೆ ಬೂಷ್ಟು ಹಿಡಿಯುತ್ತದೆ. ರಾಯರು ಹತ್ತು ಹತ್ತು ಪುಸ್ತಕ ತಂದು ಹಿಂದಿನ ಜಗಲಿಯ ಚಾಪೆಯ ಮೇಲೆ ಹಾಕುತ್ತಾರೆ. ರಂಗಿಯೂ ಜೊತೆಗೆಲಸದ ಪಾಪಾತಿಯೂ ಅವನ್ನು ಕೆಂಡದ ಬಿಸಿಗೆ ಹಿಡಿದು, ಒಣಬಟ್ಟೆಯಲ್ಲಿ ಒರೆಸಿ, ತೊಗಲಿಗೆ ಹರಳೆಣ್ಣೆ ಸವರಿ ವಾಪಸು ಕೊಡಬೇಕು. ಯಾವ ತೊಗಲು ಎಷ್ಟು ಎಣ್ಣೆ ಕುಡಿಯುತ್ತದೆ ಎಂಬುದು ರಂಗಿಯ ಬೆರಳಿಗೇ ಗೊತ್ತು. ಗುಂಡ್ಲುಪೇಟೆಯ ಕಡೆ ಅವಳಪ್ಪ ಎತ್ತು ಕಟ್ಟಿ ನೀರೆಳೆಯುವ ಕಪಿಲೆ ಬಾವಿಗಳಿಗೆ ತೊಗಲಿನ ಬಾನಿ ಹೊಲಿಯುತ್ತಿದ್ದವನು. ಇಲ್ಲಿ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಅವಳು ಒಳಕೋಣೆಯ ಹೊಸಿಲು ದಾಟಿರಲಿಲ್ಲ. ಇಷ್ಟೆಲ್ಲ ಮೈದಡವಿ ಕಳಿಸುವ ಪುಸ್ತಕಗಳು ಒಳಗೆ ಎಲ್ಲಿರುತ್ತವೆ, ನಿಂತಿರುತ್ತವೋ ಮಲಗಿರುತ್ತವೋ ಎಂದು ಒಮ್ಮೊಮ್ಮೆ ಯೋಚಿಸುತ್ತಿದ್ದಳು, ಮದುವೆ ಮಾಡಿ ಕಳಿಸಿದ ಹೆಣ್ಣಿನ ಮನೆ ಹೇಗಿದೆಯೋ ಎಂದು ತಾಯಿ ಯೋಚಿಸುವ ಹಾಗೆ.

ಆ ವರ್ಷ ಲೈಬ್ರರಿಯ ಉಸ್ತುವಾರಿಗೆ ಹೊಸ ದೊರೆಸಾನಿ ಬಂದಳು. ಕೆಲಸದವರನ್ನೆಲ್ಲ ಒಬ್ಬೊಬ್ಬರಾಗಿ ಪರಿಚಯ ಮಾಡಿಕೊಳ್ಳುತ್ತಾಳಂತೆ ಎಂದು ಜವಾನ ಆರುಮುಗಂ ಸುದ್ದಿ ತಂದ. ನಮ್ಮ ಪರಿಚಯ ಮಾಡಿಕೊಂಡು ಏನು, ಹೆಣ್ಣು ಕೇಳುತ್ತಾಳಾ ಎಂದು ಪಾಪಾತಿ ನಕ್ಕಳು. ಆರುಮುಗಂ ನಗಲಿಲ್ಲ. ದೊರೆಸಾನಿಗೆ ಮೂವತ್ತು ಕೆಟ್ಟ ಪುಸ್ತಕ ಸಿಕ್ಕಿವೆ, ಹಾಳೆಯೊಳಗೆಲ್ಲ ಬೂಷ್ಟು, ರಂಗಿ ಒದ್ದೆಬಟ್ಟೆಯಲ್ಲಿ ಒರೆಸುತ್ತಾಳೆ ಎಂದು ರಾಯರು ಹೇಳಿಬಿಟ್ಟಿದ್ದಾರೆ ಎಂದ.

ಕೆಲಸ ಹೋದರೆ ಸೌದೆ ಕೊಟ್ಟಿಗೆಗೆ ಅಂಟಿಕೊಂಡ ರಂಗಿಯ ಕೋಣೆಯೂ ಹೋಗುತ್ತದೆ. ಆ ಕೋಣೆಯಲ್ಲಿ ಮಗಳು ಹೆತ್ತು ಒಂಬತ್ತು ದಿನ. ಹೊರಗೆ ಮಳೆ ವಾರದಿಂದ ಬಿಟ್ಟಿರಲಿಲ್ಲ.

ಮಾರನೆಯ ದಿನ ದೊರೆಸಾನಿ ಹಿಂದಿನ ಜಗಲಿಗೆ ಬಂದಳು. ರಾಯರು ಮೊದಲು ತಮ್ಮ ಪರಿಚಯವನ್ನು ಬಹಳ ಹೊತ್ತು ಮಾಡಿಕೊಂಡರು. ಆರುಮುಗನ ಹೆಸರು ಹೇಳಿದರು. ಹೆಂಗಸರನ್ನು ಗದ್ದ ಎತ್ತಿ ತೋರಿಸಿದರು.

ದೊರೆಸಾನಿ ಕೆಟ್ಟವಳಲ್ಲ. ರಂಗಿಯ ಮುಖ ನೋಡಿ ನಕ್ಕಳು, ಮೆತ್ತಗೆ, ಉದ್ದಕ್ಕೆ ಏನೇನೋ ಕೇಳಿದಳು. ರಾಯರು ಅಷ್ಟನ್ನೂ ಕನ್ನಡಕ್ಕೆ ಇಳಿಸಿದರು: "ಒದ್ದೆ ಬಟ್ಟೇಲಿ ಒರೆಸಿದ್ದು ಹೌದು ಅಂತ ಒಪ್ಕೊ. ಜಾಸ್ತಿ ಬಾಯಿ ಬಿಡಬೇಡ."

"ನಂದು ಒಣಬಟ್ಟೆ ಬುದ್ದಿ. ನೀರು ಚಿಮುಕ್ಸೋರು ಯಾರು ಅಂತ ನೀವೇ ಯೋಳಿ ಅವ್ರಿಗೆ."

ರಾಯರು ದೊರೆಸಾನಿಯ ಕಡೆ ಬಾಗಿ ಹೇಳಿದರು. ಅದರಲ್ಲಿ 'ಸಾರಿ' ಎಂಬುದು ಎರಡು ಸಲ ಬಂತು. ಇಂಗ್ಲಿಷಿನಲ್ಲಿ ರಂಗಿಗೆ ಗೊತ್ತಿದ್ದದ್ದು ಅದೊಂದೇ ಮಾತು, ಅದನ್ನು ಅವಳು ಹೇಳಿರಲಿಲ್ಲ. ತನ್ನ ಮಾತು ಈತನ ನಾಲಿಗೆ ದಾಟಿಯೇ ಹೋಗಬೇಕಾದರೆ ಆಡಿ ಫಲವಿಲ್ಲ ಎಂದು ಅವಳಿಗೆ ತಿಳಿಯಿತು.

ಚಾಪೆಯಿಂದ ಆಗತಾನೆ ಒರೆಸಿದ ಪುಸ್ತಕವೊಂದನ್ನು ಎತ್ತಿ ದೊರೆಸಾನಿಯ ಮುಂದೆ ಹಿಡಿದಳು. ದೊರೆಸಾನಿ ಮುಟ್ಟಿ ನೋಡಿದಳು. ಒಣಗಿ ಬೆಚ್ಚಗಿತ್ತು. ರಂಗಿ ಅದನ್ನೇ ರಾಯರ ಕಡೆ ಚಾಚಿದಳು.

"ಇಸ್ಕೊಳಿ ಬುದ್ದಿ."

ರಾಯರ ಕೈ ಎದ್ದು ಅರ್ಧಕ್ಕೇ ನಿಂತಿತು. ರಂಗಿ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ರಾಯರು ಮೇಜಿನ ಕಡೆ ಕಣ್ಣು ಮಾಡಿದ ಮೇಲೆ ತುದಿಗಿಟ್ಟಳು. ಎತ್ತಿ ಕೊಡಿ ಎಂದು ದೊರೆಸಾನಿ ರಾಯರಿಗೆ ಸನ್ನೆ ಮಾಡಿದಳು. ಹಾಗೇ ಮುಟ್ಟಿದರೆ ಜಾತಿ ಹೋಗುತ್ತದೆ, ನೀರು ಹಾಕಿದರೆ ಸುಳ್ಳು ಬಯಲಾಗುತ್ತದೆ. ರಾಯರು ಜಾತಿಯನ್ನು ಉಳಿಸಿಕೊಂಡರು. ಮೂರು ಸಲ ಚಿಮುಕಿಸಿದರು. ನೀರು ರಟ್ಟಿನ ಮೇಲಿಂದ ಜಾರಿ ಹಾಳೆಗಳ ಸಂದಿಗೆ ಇಳಿಯುವುದನ್ನು ದೊರೆಸಾನಿ ಬಗ್ಗಿ ನೋಡಿದಳು.

ಪಾಪಾತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೆದ್ದೆವು ಎಂದೇ ರಂಗಿಗೂ ಅನ್ನಿಸಿತು.

ಇಂಗ್ಲಿಷಿನಲ್ಲಿ ಮಾತು ಬಹಳ ಹೊತ್ತು ನಡೆಯಿತು. ಮೊದಲು ದೊರೆಸಾನಿಯ ದನಿ ಏರಿತು, ಆಮೇಲೆ ರಾಯರ ದನಿ ನಡುಗಿತು, ಕೊನೆಗೆ ದೊರೆಸಾನಿ ತಲೆಯಾಡಿಸುತ್ತಾ ನಕ್ಕಳು. ಅರೆಬರೆ ಇಂಗ್ಲಿಷ್ ಬಲ್ಲ ಆರುಮುಗಂ ರಂಗಿಯ ಹತ್ತಿರ ಬಂದ. ಅವಳ ಮುಖ ನೋಡಲಿಲ್ಲ.

"ಅಕ್ಕಾ, ತಪ್ಪು ನಿಂದಲ್ವಂತೆ. ಆದ್ರೂ ನೀನು ಹೋಗ್ಬೇಕಂತೆ."

ಮಿಕ್ಕದ್ದನ್ನು ತುಂಡು ತುಂಡಾಗಿ ಹೇಳಿದ. ಯಾರ ಧರ್ಮಕ್ಕೂ ದೊರೆಗಳು ಕೈ ಹಾಕುವುದಿಲ್ಲವಂತೆ. ನಾಲ್ಕು ಸಾವಿರ ಪುಸ್ತಕದ ಜಾಗ ತಿಳಿದವರು ರಾಯರೊಬ್ಬರೇ, ಒರೆಸುವ ಕೈ ಎಲ್ಲಾದರೂ ಸಿಗುತ್ತದಂತೆ. ರಾಯರು ನೀರು ಹಾಕಬೇಕಾಗದ ಜಾತಿಯವಳನ್ನು ಇಟ್ಟುಕೊಂಡರೆ ಪುಸ್ತಕಗಳೂ ಉಳಿಯುತ್ತವಂತೆ. ಕೋಣೆಯನ್ನು ನಾಳೆಯೇ ಬಿಡಬೇಕು.

ಮಗಳಿಗೆ ಇನ್ನೂ ಹಸಿಮೈ, ಒಂದು ತಿಂಗಳು ಕೋಣೆ ಬಿಟ್ಟುಕೊಡಿ ಅಂತ ದೊರೆಸಾನಿಯನ್ನು ಕೇಳಿ ಎಂದು ರಂಗಿ ರಾಯರನ್ನು ಬೇಡಿದಳು. ಅವರು ಚೊಂಬನ್ನು ಪಕ್ಕಕ್ಕೆ ಸರಿಸಿದರು.

"ಅದಕ್ಕೆಲ್ಲ ಇಂಗ್ಲಿಷಿಲ್ಲ ಕಣೇ."

ರಂಗಿ ಹೊಸಿಲು ದಾಟಿ ಒಳಗೆ ಹೋದಳು.

ಪುಸ್ತಕಗಳು ನಿಂತಿದ್ದವು, ನೆಲದಿಂದ ಸೂರಿನವರೆಗೆ, ಬೆನ್ನು ಹೊರಗೆ ಮಾಡಿ. ಒಂದೊಂದು ಬೆನ್ನೂ ಅವಳಿಗೆ ಗುರುತಿತ್ತು. ಮೊದಲನೆಯದರ ಮೇಲೆ ಅಂಗೈ ಇಟ್ಟಳು. ಅದರ ಪಕ್ಕದ್ದರ ಮೇಲೆ ಇಟ್ಟಳು. ಒರೆಸಲಿಲ್ಲ, ಕೀಳಲಿಲ್ಲ, ಹರಿಯಲಿಲ್ಲ. ಒಂದನ್ನೂ ಬಿಡದೆ ಮುಟ್ಟುತ್ತಾ ನಡೆದಳು. ಸಾಲು ಮುಗಿದರೆ ಕೆಳಗಿನ ಸಾಲು. ರಾಯರು ಬಾಗಿಲಲ್ಲಿ ನಿಂತು, ಲೇ ಸೂಳೆ, ಆಚೆ ಬಾರೇ ಎಂದು ಒದರಿದರು. ಒಳಗೆ ಹೋಗಿ ಹಿಡಿದೆಳೆಯಬೇಕೆಂದರೆ ಅವಳನ್ನು ಮುಟ್ಟಬೇಕು. ಈ ಹೆಂಗಸು ಏನು ಮಾಡುತ್ತಿದ್ದಾಳೆ ಎಂದು ದೊರೆಸಾನಿ ಎರಡು ಸಲ ಕೇಳಿದಳು. ರಾಯರು ಒಮ್ಮೆ ಮೇಜಿನ ಮೇಲಿನ ಚೊಂಬನ್ನು ನೋಡಿದರು, ಒಮ್ಮೆ ಸೂರಿನವರೆಗಿನ ಸಾಲುಗಳನ್ನು ನೋಡಿದರು.

ಪಾಪಾತಿ ಕೈಯ ಬಟ್ಟೆಯನ್ನು ಚಾಪೆಯ ಮೇಲೆ ಹಾಕಿ ಎದ್ದಳು. ರಾಯರು ಗೋಡೆಗೆ ಒತ್ತಿಕೊಂಡು ಅವಳಿಗೂ ದಾರಿ ಬಿಡಬೇಕಾಯಿತು.

"ಯಕ್ಕಾ, ಆ ಮೂಲೇಲಿ ನಾಕು ಬುಟ್ಬುಟ್ಟಿದ್ದೀಯ ನೋಡು," ಎಂದಳು.

ರಂಗಿ ತಿರುಗಿ ಬಂದು ಆ ನಾಲ್ಕನ್ನೂ ಮುಟ್ಟಿದಳು. ಮೇಲಿನ ಸಾಲುಗಳು ಕೈಗೆ ಎಟುಕುವಂತಿರಲಿಲ್ಲ. ಪಾಪಾತಿ ಏಣಿಯನ್ನು ಎಳೆದು ತಂದು ಆನಿಸಿ, ಬುಡವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ರಂಗಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹತ್ತತೊಡಗಿದಳು.