ಅಜ್ಜಿಯ ಬಳೆ, ಅಜ್ಜಿಯ ಮೆರವಣಿಗೆ

ಅಜ್ಜಿ ಹೋದಳೆಂದು ಗೊತ್ತಾದಾಗ ಮೋನಿಷಾಳಿಗೆ ಮೊದಲು ಬಂದದ್ದು ಅಳುವಲ್ಲ, ಬಳೆಯ ಯೋಚನೆ. ನೀರು ಬಿದ್ದರೆ ಬಣ್ಣ ಬಿಟ್ಟೀತೇ? ಇಂಥ ಹೊತ್ತಿನಲ್ಲಿ ಇಂಥ ಚಿಂತೆ ಹುಟ್ಟುವುದೇ ತಪ್ಪೆಂದು ತನ್ನಷ್ಟಕ್ಕೆ ಒಪ್ಪಿಕೊಂಡಳು. ಒಪ್ಪಿಕೊಂಡರೂ ಚಿಂತೆ ಹೋಗಲಿಲ್ಲ.

ಹೊರಗೆ ಶಾಮಿಯಾನ ಎದ್ದಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯ ಯಶೋದಮ್ಮ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಅಜ್ಜಿ ಮುನಿಗಂಗಮ್ಮನನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ತೊಡೆಯ ಮೇಲೆ ಜೋಡಿಸಿದ ಕೈಗಳಲ್ಲಿ ಎರಡು ದಪ್ಪ ಬಳೆ. ಬಂದವರು ಮೊದಲು ಮುಖ ನೋಡುತ್ತಿದ್ದರು, ಆಮೇಲೆ ಬಳೆ.

ಕೆ.ಆರ್. ಪುರದ ಆ ಹಳೇ ಬೀದಿಯಲ್ಲಿ ಅವರದು ಜಮೀನಿದ್ದವರ ಮನೆ. ಜಮೀನು ಹೋಗಿ, ಮಾರಿದ ದುಡ್ಡೂ ಕರಗಿ, ಉಳಿದದ್ದು ಮನೆ ಮುಂದಿನ ಎರಡು ಬಾಡಿಗೆ ಕೋಣೆ. ಸಂಸಾರ ನಡೆಯುತ್ತಿದ್ದುದು ಆ ಬಾಡಿಗೆಯಲ್ಲೇ. ಬೀದಿಯವರ ಬಾಯಲ್ಲಿ ಮಾತ್ರ ಜಮೀನು ಇನ್ನೂ ಹಾಗೇ ಇತ್ತು.

"ಅಣ್ಣಾ, ರಥ ಹೇಳ್ಬಿಡ್ಲಾ?" ಎಂದ ಸುನಿಲ್. ಅವನು ಅಪ್ಪ ರಾಮಾಂಜಿನಪ್ಪನ ದಾಯಾದಿ ತಮ್ಮ. ಊರಿನ ಯಾವ ಸಾವಿನಲ್ಲೂ ಮುಂದೆ ನಿಲ್ಲುವವನು. "ಮರಿಮಕ್ಕಳನ್ನ ಎತ್ತಿ ಆಡ್ಸಿದ ಜೀವ, ಸುಮ್ನೆ ಕಳ್ಸಕ್ಕಾಗುತ್ತಾ? ಹೂವಿನ ರಥ, ತಮಟೆ, ಪಟಾಕಿ. ಹೂವು ರಸೆಲ್ ಮಾರ್ಕೆಟ್ಟಿಂದಾನೇ ತರಿಸ್ತೀನಿ. ತಿಥಿಗೆ ಊರಿಗೆಲ್ಲಾ ಮಟನ್ ಊಟ."

ಅಮ್ಮ ಧನಲಕ್ಷ್ಮಿ ಬಾಗಿಲಲ್ಲಿ ನಿಂತೇ ಹೇಳಿದಳು: "ಚಟ್ಟ ಕಟ್ಟಿ ಹೆಗಲ ಮೇಲೆ ಹೊತ್ಕೊಂಡ್ ಹೋದ್ರೆ ಆಗಲ್ವಾ? ಸ್ಮಶಾನ ಇಲ್ಲೇ ಅಲ್ವಾ."

"ಅತ್ತಿಗೆ, ನಿಮ್ಮ ತೌರಲ್ಲಿ ಹಂಗೆ ಇರ್ಬೋದು. ಇಲ್ಲಿ ಕೆಳಗಿನ ಮನೆ ಅಜ್ಜಿಗೆ ಕುದುರೆ ಬಂದಿತ್ತು, ಕುದುರೆ! ನಮ್ಮ ದೊಡ್ಡಮ್ಮ ಏನು ಪಲಾವ್ ಪಾರ್ಸಲ್ಲಾ, ಸುಮ್ನೆ ಎತ್ಕೊಂಡ್ ಹೋಗಕ್ಕೆ?"

ಯಾರೋ ನಕ್ಕು, ನಗು ನುಂಗಿದರು. ಅಪ್ಪ "ದುಡ್ಡು..." ಎಂದು ಅರ್ಧಕ್ಕೇ ನಿಲ್ಲಿಸಿದರು.

"ದೊಡ್ಡಮ್ಮನ ಕೈಯಲ್ಲೇ ಇದ್ಯಲ್ಲಣ್ಣ! ಅವ್ರ ಬಳೇಲಿ ಅವ್ರ ಮೆರವಣಿಗೆ. ಅಡ್ವಾನ್ಸ್ ನಾನು ಹಾಕಿರ್ತೀನಿ, ಬಳೆ ಮಾರಿ ಕೊಡು. ದೊಡ್ಡಪ್ಪ ಹೋದಾಗ ದೊಡ್ಡಮ್ಮ ಕೂಡಿಟ್ಟ ಗಂಟು ಬಿಚ್ಚಿ ಎಷ್ಟ್ ಜೋರಾಗಿ ಮಾಡಿದ್ರು, ಮರೆತ್ಬಿಟ್ಯಾ?"

ಗಂಟು ಎಂಬುದು ಇರಲೇ ಇಲ್ಲ. ಅದು ಗೊತ್ತಿದ್ದವಳು ಮೋನಿಷಾ ಒಬ್ಬಳೇ. ತಾತನ ತಿಥಿ ಮುಗಿದ ಮೇಲೆ ಅಜ್ಜಿ ಬೋಳು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮೊಮ್ಮಗಳನ್ನು ಬಸ್ಸಿನಲ್ಲಿ ಶಿವಾಜಿನಗರಕ್ಕೆ ಕರೆದುಕೊಂಡು ಹೋಗಿದ್ದಳು. ಖುರ್ಷೀದಾ ಎಂಬಾಕೆಯ ಒನ್ ಗ್ರಾಂ ಗೋಲ್ಡ್ ಅಂಗಡಿ.

"ನೀರು, ಸೋಪು ತಾಗ್ಬಾರ್ದು ನೋಡಿ ಅಜ್ಜೀ. ಮದ್ವೇಗಾ?"

"ಇಲ್ಲಮ್ಮ, ಮರ್ಯಾದೇಗೆ."

ಬರುವಾಗ ಬಸ್ಸಿನಲ್ಲಿ ಅಜ್ಜಿ ಹೇಳಿದ್ದಿಷ್ಟು: "ನಾನಿರೋವರ್ಗೂ ಬಾಯಿ ಬಿಡ್ಬೇಡ ಕಣೇ ಮೋನಿ." ದಿನವೂ ಡೈರಿ ಬರೆಯುವ ಮೋನಿಷಾ ಇದನ್ನು ಅದರಲ್ಲೂ ಬರೆಯಲಿಲ್ಲ. ಅಂದಿನಿಂದ ಅಜ್ಜಿ ಪಾತ್ರೆಗೆ ಕೈಹಾಕುವ ಮುಂಚೆ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದಳು. ಚಿನ್ನದ ಮೇಲೆ ಮುದುಕಿಗೆ ಎಷ್ಟು ಆಸೆ ಎಂದು ನೆಂಟರು ಆಡಿಕೊಳ್ಳುತ್ತಿದ್ದರು.

"ನಮ್ಮನೆ ಒಲೇಲಿ ನೀರು ಕಾದಿದೆ," ಎಂದರು ಯಶೋದಮ್ಮ. ಸ್ನಾನಕ್ಕೆ ಮುಂಚೆ ಮೈಮೇಲಿನ ಒಡವೆ ತೆಗೆದು ಹಿರಿಮಗನ ಕೈಗೆ ಕೊಡುವುದು ಅಲ್ಲಿನ ರೂಢಿ. ಬಳೆಗಳು ತಡೆಯಿಲ್ಲದೆ ಜಾರಿ ಬಂದವು. ಮಣಿಕಟ್ಟಿನ ಸುತ್ತ ಹಸಿರುಗಪ್ಪು ಗೆರೆ ಇತ್ತು. ಯಶೋದಮ್ಮ ಅದನ್ನು ಹೆಬ್ಬೆರಳಲ್ಲಿ ಉಜ್ಜಿ, "ಎಷ್ಟ್ ವರ್ಷದ ಕೊಳೆಯೋ, ಪಾಪ," ಎಂದು ಬಳೆಗಳನ್ನು ಮೋನಿಷಾಳ ಅಂಗೈಗೆ ಹಾಕಿದರು. "ತಗೊಂಡ್ ಹೋಗಿ ಅಪ್ಪಂಗೆ ಕೊಡಮ್ಮ."

ಅವು ಹಗುರವಾಗಿದ್ದವು. ಜಗಲಿಯಿಂದ ಶಾಮಿಯಾನಕ್ಕೆ ಹೆಚ್ಚು ದೂರವಿರಲಿಲ್ಲ. ಅಷ್ಟರಲ್ಲೇ ಅವಳಿಗೆ ಎಲ್ಲವೂ ಸಾಲಾಗಿ ಕಂಡಿತು. ಇವತ್ತು ರಥ ಹೊರಡುತ್ತದೆ. ನಾಳೆ ಚಿನ್ನದಂಗಡಿಯವನು ಬಳೆ ಉಜ್ಜಿ ನೋಡಿ ವಾಪಸು ಕೊಡುತ್ತಾನೆ. ಸುನಿಲ್ ಚಿಕ್ಕಪ್ಪನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಅಪ್ಪ ಬಾಡಿಗೆ ಕೋಣೆಗಳ ಪತ್ರ ಅಡವಿಡುತ್ತಾರೆ, ಯಾರಿಗೂ ಹೇಳದೆ. ಬಾಡಿಗೆಯೆಲ್ಲ ಬಡ್ಡಿಗೇ ಹೋದರೆ ಆಮೇಲೆ ಅಮ್ಮ ಏನನ್ನು ಬೇಯಿಸುತ್ತಾಳೆ?

ಸುನಿಲ್ ಫೋನಿನಲ್ಲಿದ್ದ. "ಹ್ಞೂ ಗುರು, ದೊಡ್ಡ ರಥಾನೇ. ಒಂದ್ನಿಮಿಷ..." ಫೋನನ್ನು ಎದೆಗೆ ಒತ್ತಿಕೊಂಡು ಕೇಳಿದ: "ಅಣ್ಣಾ, ಕನ್ಫರ್ಮ್ ಮಾಡ್ಲಾ? ಅಡ್ವಾನ್ಸ್ ಹೋದ್ರೆ ವಾಪಸ್ ಬರಲ್ಲ."

ಅಪ್ಪ ಮಗಳ ಕೈಯಲ್ಲಿದ್ದ ಬಳೆಗಳನ್ನು ನೋಡಿದರು. ಧೈರ್ಯ ಬಂದವರಂತೆ ತಲೆಯಾಡಿಸಹೊರಟರು.

ಮೋನಿಷಾ ಬಳೆಗಳನ್ನು ಕೊಡಲಿಲ್ಲ. ಅಷ್ಟು ಜನರ ನಡುವೆ ಅವಳ ದನಿ ಯಾರೂ ಕೇಳಿದ್ದಿಲ್ಲ. ಅದು ಅವಳಿಗೇ ಹೊಸದಾಗಿ ಕೇಳಿಸಿತು.

"ಅಪ್ಪಾ, ಇದು ಚಿನ್ನ ಅಲ್ಲ. ಚಿನ್ನ ತಾತನ ರಥಕ್ಕೇ ಹೋಯ್ತು."