ಮಂಚದ ಕೆಳಗಿನ ಎಣ್ಣೆ

ಎಲ್ಲೋ ಸಮುದ್ರದಲ್ಲಿ ಹಡಗುಗಳು ನಿಂತಿವೆ, ಇನ್ನು ಅಡುಗೆ ಎಣ್ಣೆ ಸಿಗುವುದು ಕಷ್ಟ ಎಂಬ ಸುದ್ದಿ ಬೋಗಾದಿಯ ಆ ಬೀದಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಹಾಲು ತರಲು ಹೋಗಿದ್ದ ಬೀರಯ್ಯನವರು ಹಾಲನ್ನು ಅಂಗಡಿಯ ಕಟ್ಟೆಯ ಮೇಲೆ ಮರೆತು, ಸುದ್ದಿಯನ್ನು ಮಾತ್ರ ಮನೆಗೆ ತಂದರು.

“ವಾಣಿ, ಎಣ್ಣೆ ನಿಂತೋಗುತ್ತಂತೆ ಕಣಮ್ಮ. ಬೇಳೆ, ಬೆಲ್ಲ ಎಲ್ಲಾ ಏರುತ್ತಂತೆ.”

“ಹಾಲೆಲ್ಲಿ ಮಾವ?” ಎಂದಳು ಸೊಸೆ ವಾಣಿ. ಅವಳು ಶಾಲೆಯಲ್ಲಿ ಪಾಠ ಹೇಳುವವಳು. ಎಂಟೂವರೆಯ ಬಸ್ಸು ತಪ್ಪಿದರೆ ಅವಳ ದಿನವೆಲ್ಲ ತಪ್ಪುತ್ತಿತ್ತು.

“ಹಾಲು ನಾಳೇನೂ ಸಿಗುತ್ತೆ. ಎಣ್ಣೆ?”

“ಎಲ್ಲರೂ ಹೆದರ್ಕೊಂಡು ಒಂದೇ ದಿನ ಹೋಗಿ ತಂದಿಟ್ಕೊಂಡ್ರೆ ಇರೋದೂ ಖಾಲಿಯಾಗುತ್ತೆ ಮಾವ. ನಾವೇ ಕೂಡಿಟ್ರೆ ಕೂಲಿಯೋರಿಗೆ ಎಲ್ಲಿಂದ ಸಿಗಬೇಕು? ನಮ್ಮನೇಲಿ ಎರಡು ಪ್ಯಾಕೆಟ್ ಇದೆ, ಸಾಕು.”

ಮಗ ಪ್ರಸಾದ್ ಹೆಬ್ಬಾಳದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಆಗತಾನೆ ಮಲಗಿದ್ದ. ಅಪ್ಪ ಹೋಗಿ ಎಬ್ಬಿಸಿದರೆ, “ಅವಳು ಹೇಳಿದ್ಮೇಲೆ ಮುಗೀತು ಬುಡಪ್ಪ,” ಎಂದು ಗೋಡೆಯ ಕಡೆ ಹೊರಳಿದ.

ಬೀರಯ್ಯನವರ ಪಾಲಿಗೆ ಅದು ಮುಗಿಯುವ ಮಾತಾಗಿರಲಿಲ್ಲ. ಇನ್ನು ಇಪ್ಪತ್ತೆರಡು ದಿನಕ್ಕೆ ಮಹಾಲಯ ಅಮಾವಾಸ್ಯೆ. ಅವರ ಹೆಂಡತಿ ದೇವೀರಮ್ಮ ಕಳೆದ ಕಾರ್ತಿಕದಲ್ಲಿ ಒಂದು ಸಂಜೆ ತುಳಸಿಗೆ ದೀಪವಿಟ್ಟು ಒಳಗೆ ಬಂದು ಕೂತವಳು ಮತ್ತೆ ಏಳಲಿಲ್ಲ. ಈ ಅಮಾವಾಸ್ಯೆಗೆ ಅವಳ ಮೊದಲ ಎಡೆ. ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ, ಅವರ ಪಟದ ಮುಂದೆ ಎಲೆ ಹಾಕಿ ಬಡಿಸಿ, ಧೂಪ ಹಾಕಿ, ಕೋಣೆಯ ಬಾಗಿಲು ಮುಚ್ಚಿ, ಮನೆಯವರು ಹೊರಗೆ ಕಾಯಬೇಕು. ಅಷ್ಟರಲ್ಲಿ ಅವರು ಬಂದು ಉಂಡು ಹೋಗುತ್ತಾರೆ.

ದೇವೀರಮ್ಮನಿಗೆ ಪ್ರಾಣವೆಂದರೆ ಕಜ್ಜಾಯ. ಅಕ್ಕಿಹಿಟ್ಟನ್ನು ಬೆಲ್ಲದ ಪಾಕದಲ್ಲಿ ಕಲಸಿ, ತಟ್ಟಿ, ತುಂಬು ಎಣ್ಣೆಯಲ್ಲಿ ಕರಿಯಬೇಕು. ಎಣ್ಣೆಯಿಲ್ಲದ ಕಜ್ಜಾಯ ಯಾವ ಲೋಕದಲ್ಲೂ ಇಲ್ಲ. ನಲವತ್ತೊಂದು ವರ್ಷದ ಸಂಸಾರದಲ್ಲಿ ಒಂದು ದಿನವೂ ‘ಇದು ಮುಗೀತು, ಅದು ಇಲ್ಲ’ ಎಂದು ಗಂಡನ ಮುಂದೆ ಬಾಯಿ ಬಿಟ್ಟವಳಲ್ಲ ಅವಳು. ಅಂಥವಳು ಅಷ್ಟು ದೂರದಿಂದ ಬಂದು, ಎಲೆಯ ಮೇಲೆ ಕಜ್ಜಾಯ ಕಾಣದೆ, ‘ನಾನು ಹೋದ ವರ್ಷಕ್ಕೇ ಮನೆ ಹಿಂಗಾಯ್ತಾ’ ಎಂದುಕೊಂಡು ಎದ್ದು ಹೋದರೆ?

ವಾಣಿ ಬಸ್ಸು ಹತ್ತಿದ ಅರ್ಧ ಗಂಟೆಗೆ ಬೀರಯ್ಯನವರೂ ಬಸ್ಸು ಹತ್ತಿದರು. ದೇವರಾಜ ಮೊಹಲ್ಲಾದ ಶಿವಮಲ್ಲಪ್ಪನ ಸಗಟು ಅಂಗಡಿಯ ಮುಂದೆ ಆಗಲೇ ಜನ ಸೇರಿತ್ತು. ಒಬ್ಬೊಬ್ಬರ ಮುಖವೂ ‘ಸುಮ್ಮನೆ ಈ ಕಡೆ ಬಂದಿದ್ದೆ’ ಎನ್ನುತ್ತಿತ್ತು. ಕೈಯಲ್ಲಿ ಮಾತ್ರ ನಾಲ್ಕು ನಾಲ್ಕು ಚೀಲ.

“ಎಷ್ಟು ಕೊಡ್ಲಿ ಸ್ವಾಮಿ?” ಎಂದ ಶಿವಮಲ್ಲಪ್ಪ.

ಮನೆಗೆ ಸಾಮಾನು ತರುತ್ತಿದ್ದವಳು ದೇವೀರಮ್ಮ. ತಿಂಗಳಿಗೆ ಎಷ್ಟು ಎಣ್ಣೆ ಬೇಕೆಂಬುದು ಬೀರಯ್ಯನವರಿಗೆ ಗೊತ್ತಿರಲಿಲ್ಲ. ಮುಂದೆ ನಿಂತಿದ್ದವನು ಎಷ್ಟು ಹೇಳಿದನೋ ಅದರ ಎರಡರಷ್ಟು ಹೇಳಿದರು. ಹೀಗೆ ಹದಿನೈದು ಲೀಟರಿನ ಎರಡು ಟಿನ್ ಎಣ್ಣೆ, ಹತ್ತು ಕೆಜಿ ಬೆಲ್ಲ, ಹದಿನೆಂಟು ಪೊಟ್ಟಣ ಉಪ್ಪು, ಎರಡು ಡಜನ್ ಸೋಪು, ಪಕ್ಕದವನು ಕೊಂಡನೆಂದು ಕೊಂಡ ಐದು ಕೆಜಿ ಸಬ್ಬಕ್ಕಿ ಆಟೋ ಹತ್ತಿ ಬೋಗಾದಿಗೆ ಬಂದು, ಪ್ರಸಾದನ ಗೊರಕೆಯ ಮರೆಯಲ್ಲಿ ಬೀರಯ್ಯನವರ ಮಂಚದ ಕೆಳಗೆ ಸೇರಿದವು. ಮೇಲಿಂದ ದೇವೀರಮ್ಮನ ಹಳೆಯದೊಂದು ಸೀರೆಯನ್ನು ಇಳಿಬಿಟ್ಟು, ಬೀರಯ್ಯನವರು ಚಾಮುಂಡಿಯ ಪಟಕ್ಕೆ ಕೈಮುಗಿದರು.

“ಸುಳ್ಳು ಹೇಳ್ತಿಲ್ಲ ತಾಯಿ. ಹೇಳದೆ ಇದ್ದೀನಿ, ಅಷ್ಟೇ.”

ಗುಟ್ಟು ಹೊರಬಿದ್ದದ್ದು ಒಂದು ಬಟ್ಟಲು ಬಸ್ಸಾರಿನಿಂದ.

ಎದುರುಮನೆ ಭಾಗ್ಯಮ್ಮ ಬುಧವಾರ ಮಧ್ಯಾಹ್ನ ಹುರುಳಿಕಾಳಿನ ಬಸ್ಸಾರು ತಂದುಕೊಟ್ಟರು. ಬೀರಯ್ಯನವರು ಚೊಕ್ಕವಾಗಿ ಉಂಡು, ಬಟ್ಟಲು ತೊಳೆದು, ಹಿಂದಿರುಗಿಸಲು ಹೊರಟವರು ಹೊಸ್ತಿಲಲ್ಲೇ ನಿಂತರು. ಬಂದ ಪಾತ್ರೆ ಈ ಮನೆಯಿಂದ ಖಾಲಿ ಹೋಗಬಾರದು ಎಂಬುದು ದೇವೀರಮ್ಮನ ಕಟ್ಟುನಿಟ್ಟು. ಒಳಗೆ ಹೋಗಿ ಸಕ್ಕರೆ ಹುಡುಕಿದರು. ವಾಣಿಯ ಡಬ್ಬಗಳೆಲ್ಲ ಒಂದೇ ಎತ್ತರ, ಒಂದೇ ಬಣ್ಣ. ಮೊದಲನೆಯದರಲ್ಲಿ ಮೆಂತ್ಯ, ಎರಡನೆಯದರಲ್ಲಿ ಇನ್ನೊಂದಿಷ್ಟು ಮೆಂತ್ಯ. ಕೈಗೆ ಸಿಕ್ಕುವುದೆಂದರೆ ಮಂಚದ ಕೆಳಗಿನದೇ.

ಎಷ್ಟು ಹಾಕಬೇಕು? ದೇವೀರಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ಬಟ್ಟಲು ಒಯ್ಯುವುದನ್ನು ನೋಡಿದ್ದರೇ ಹೊರತು ಸೆರಗಿನ ಕೆಳಗೆ ಏನಿರುತ್ತಿತ್ತೆಂದು ನೋಡಿದವರಲ್ಲ. ಕಡಿಮೆ ಹಾಕಿದರೆ ಅವಳ ಹೆಸರಿಗೆ ಕುಂದು. ಕಂಠದವರೆಗೂ ಎಣ್ಣೆ ಸುರಿದರು.

ಭಾಗ್ಯಮ್ಮ ಬಟ್ಟಲನ್ನು ನೋಡಿದರು, ಬೀರಯ್ಯನವರನ್ನು ನೋಡಿದರು.

“ಇದೇನಣ್ಣ ಇದು?”

“ಖಾಲಿ ಕೊಡಬಾರ್ದಲ್ಲಮ್ಮ.”

“ಅದಕ್ಕೆ ಒಂದು ಹಿಡಿ ಸಕ್ಕರೆ...” ಎಂದು ಶುರುಮಾಡಿದ ಭಾಗ್ಯಮ್ಮ ಅದೇಕೋ ಅಲ್ಲಿಗೇ ನಿಲ್ಲಿಸಿ, “ದೇವೀರಕ್ಕನ ಮನೆ ಅಂದ್ರೆ ಮನೆ ಕಣಣ್ಣ,” ಎಂದು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ ಹೆಜ್ಜೆಯಿಡುತ್ತಾ ಒಳಗೆ ಹೋದರು.

ಮಾರನೆಯ ದಿನ ಅದೇ ಭಾಗ್ಯಮ್ಮನ ಮನೆಯಿಂದ ಒಂದು ಹಿಡಿಯಷ್ಟು ಪಲ್ಯ ಬಂತು, ಪಾತ್ರೆ ಮಾತ್ರ ನಾಲ್ಕು ಜನರ ಸಾರು ಕುದಿಸುವಂಥದ್ದು. ಅದರ ಮಾರನೆಯ ದಿನ ಪಕ್ಕದ ಮನೆ ಕುಮಾರಸ್ವಾಮಿಯ ಹೆಂಡತಿ ದೊಡ್ಡ ಡಬರಿಯ ತಳದಲ್ಲಿ ಉಪ್ಪಿನಕಾಯಿ ತಂದಳು. ಅಷ್ಟರಲ್ಲಿ ಅಂಗಡಿಗಳಲ್ಲಿ ತಲೆಗೊಂದೇ ಪ್ಯಾಕೆಟ್ ಎಂಬ ಬೋರ್ಡು ಬಂದಿತ್ತು. ಬೀದಿಗೆ ಬೀದಿಯೇ ಬೀರಯ್ಯನವರ ಊಟದ ಚಿಂತೆಗೆ ಬಿತ್ತು. ವಾಣಿ ಬಸ್ಸು ಹತ್ತುವುದೇ ತಡ, ಒಬ್ಬೊಬ್ಬರಾಗಿ ಗೇಟು ತೆಗೆಯುತ್ತಿದ್ದರು. ಮೂಲೆಮನೆ ಕೃಷ್ಣಪ್ಪ ಬಂದದ್ದು ಐದು ಲೀಟರಿನ ಕ್ಯಾನು ಹಿಡಿದುಕೊಂಡು.

“ಮಜ್ಜಿಗೆ ತಂದೆ ಬೀರಣ್ಣ.”

ಬೀರಯ್ಯನವರು ಕ್ಯಾನನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಒಂದು ಲೋಟದಷ್ಟು ಮಜ್ಜಿಗೆ ಆ ಕಡೆಗೂ ಈ ಕಡೆಗೂ ಹೊರಳಾಡುತ್ತಿತ್ತು.

“ಇಷ್ಟಕ್ಕೆ ಒಂದು ಚೊಂಬು ಸಾಲ್ತಿರಲಿಲ್ವ ಕೃಷ್ಣಪ್ಪ?”

“ತುಳುಕುತ್ತೆ ಅಂತ,” ಎಂದ ಕೃಷ್ಣಪ್ಪ, ಕಣ್ಣು ತಪ್ಪಿಸಿ.

ಬೀರಯ್ಯನವರಿಗೆ ತಿಳಿಯಲಿಲ್ಲವೆಂದಲ್ಲ. ಪ್ರತಿ ಸಲವೂ ಕೈ ಅರ್ಧಕ್ಕೆ ನಿಲ್ಲುತ್ತಿತ್ತು. ಆದರೆ ಕಂಠಪೂರ್ತಿ ಪಡೆದ ಭಾಗ್ಯಮ್ಮನ ಮುಂದೆ ಕೃಷ್ಣಪ್ಪನಿಗೆ ಅರ್ಧ ಕೊಟ್ಟರೆ ಅದು ಯಾವ ನ್ಯಾಯ? ಅದೂ ಅಲ್ಲದೆ, ಅವಳು ಬಿಟ್ಟುಹೋದ ಕಟ್ಟುನಿಟ್ಟುಗಳಲ್ಲಿ ಅವರ ಕೈಯಿಂದ ಆಗುತ್ತಿದ್ದದ್ದು ಇದೊಂದೇ. ಕೈ ಮತ್ತೆ ಬಾಗುತ್ತಿತ್ತು.

“ಮಾವ,” ಎಂದಳು ವಾಣಿ ಒಂದು ಸಂಜೆ, ಫ್ರಿಜ್ಜಿನ ಬಾಗಿಲು ತೆರೆದು ಹಿಡಿದು. “ನಮ್ಮನೇಗೆ ಯಾಕೆ ಇಷ್ಟೊಂದು ಸಾರು ಬರ್ತಿದೆ? ಆರು ಥರ ಇದೆ ಇಲ್ಲಿ.”

“ಜನಕ್ಕೆ ನಿಮ್ಮತ್ತೆ ಮೇಲೆ ಪ್ರೀತಿ ಕಣಮ್ಮ.”

“ಅತ್ತೆ ಇದ್ದಾಗ ಇಷ್ಟು ಪ್ರೀತಿ ಇರಲಿಲ್ವಲ್ಲ!”

ಅಮಾವಾಸ್ಯೆಗೆ ಎರಡು ದಿನವಿರುವಾಗ ಒಂದು ಟಿನ್ ಬರಿದಾಗಿ, ಇನ್ನೊಂದರ ತಳದಲ್ಲಿ ನಾಲ್ಕು ಲೀಟರು ಉಳಿದಿತ್ತು. ಇದು ಎಡೆಗೆ, ಸಾಕ್ಷಾತ್ ಮಾದಪ್ಪನೇ ಪಾತ್ರೆ ಹಿಡಿದು ಬಂದರೂ ಕೊಡಬಾರದು ಎಂದು ಬೀರಯ್ಯನವರು ದೀಪದ ಮುಂದೆ ನಿಂತು ಗಟ್ಟಿ ಮಾಡಿಕೊಂಡರು. ಆ ದಿನ ಯಾರು ಗೇಟು ಅಲ್ಲಾಡಿಸಿದರೂ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಕೂತಿದ್ದರು. ಮಾರನೆಯ ದಿನ ಬೆಳಿಗ್ಗೆ ಬಂದವನು ಹಿಂದಿನ ರಸ್ತೆಯ ಸಣ್ಣಮಾದಯ್ಯ. ಕಟ್ಟಡದ ಕೆಲಸ ಮಾಡುವವನು. ಕೈಯಲ್ಲಿ ಕುಕ್ಕರು, ಒಳಗೆ ಎರಡು ಇಡ್ಲಿ.

“ತಪ್ಪು ತಿಳ್ಕಬ್ಯಾಡಿ ಅಯ್ಯ. ಎಲ್ರೂ ಇಂಗೇ ತರ್ತಾರೆ ಅಂದ್ರು, ಅದಕ್ಕೆ ತಂದೆ. ನಾಳೆ ನಮ್ಮವ್ವಂಗೆ ಎಡೆ. ಮೂರು ಅಂಗಡಿ ತಿರುಗ್ದೆ, ಎಲ್ಲೂ ಇಲ್ಲ.”

ಅಷ್ಟು ಜನರಲ್ಲಿ ನೇರವಾಗಿ ಹೇಳಿದವನು ಅವನೊಬ್ಬನೇ. ಬೀರಯ್ಯನವರು ಕುಕ್ಕರನ್ನು ಒಳಗೆ ಒಯ್ದರು. ಬಹಳ ಹೊತ್ತು ಮಂಚದ ಮೇಲೆ ಕೂತರು. ಆಮೇಲೆ ಟಿನ್ನನ್ನು ತಲೆಕೆಳಗೆ ಮಾಡಿ ಹಿಡಿದರು.

ಮಧ್ಯಾಹ್ನ ರಜೆ ಹಾಕಿ ಬಂದ ವಾಣಿ ಚೀಲ ಕೆಳಗಿಟ್ಟು, “ಎಲ್ಲೂ ಇಲ್ಲ ಮಾವ. ನಮ್ಮದೂ ಮುಗಿದಿದೆ. ಕಲಸಿಟ್ಟಿರೋ ಪಾಕದ ಹಿಟ್ಟು ಇನ್ನೊಂದು ವಾರ ಇರುತ್ತೆ. ಈ ಸಲ ಪಾಯಸ ಇಟ್ಬಿಡೋಣ. ಅತ್ತೆ ಏನೂ ಅಂದ್ಕೊಳ್ಳಲ್ಲ,” ಎಂದಳು.

ಬೀರಯ್ಯನವರು ಸೀರೆಯ ಅಂಚನ್ನು ಎತ್ತಿ ತೋರಿಸಿದರು. ವಾಣಿ ಬಗ್ಗಿ ನೋಡಿದಳು. ಎರಡು ಖಾಲಿ ಟಿನ್ನು, ಸೋಪು, ಸೋಪಿನ ವಾಸನೆ ಹಿಡಿದ ಬೆಲ್ಲ, ಬೆಲ್ಲಕ್ಕೆ ಮುತ್ತಿದ ಇರುವೆ. ಪೂರ್ತಿ ಕತೆ ಕೇಳುವಷ್ಟರಲ್ಲಿ ಅವಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದು, ಯಾವುದನ್ನು ಹೊರಗೆ ಬಿಡುವುದೆಂದು ತಿಳಿಯದೆ ಮಂಚದ ಕಾಲಿಗೆ ಒರಗಿ ಕೂತಳು.

“ಮೂವತ್ತು ಲೀಟರ್ ಮಾವ! ಈಗ ಬೀದೀಲಿ ಎಣ್ಣೆ ಇಲ್ಲದ ಮನೆ ಅಂದ್ರೆ ನಮ್ಮದೊಂದೇ. ಹೋಗಿ ಕೇಳೋಣ ನಡೀರಿ.”

“ಕೇಳೋದಾ? ನಿಮ್ಮತ್ತೆ ಯಾವತ್ತಾದ್ರೂ ಯಾರ ಮುಂದಾದ್ರೂ ಬಟ್ಟಲು ಹಿಡಿದಿದ್ಲಾ?”

ಆಗ ಬೀರಯ್ಯನವರಿಗೆ ಒಂದು ಉಪಾಯ ಹೊಳೆಯಿತು. ಬೀದಿ ತನಗೆ ಕಲಿಸಿದ್ದನ್ನು ತಾನು ಬೀದಿಗೆ ಕಲಿಸಬಾರದೇಕೆ? ಫ್ರಿಜ್ಜಿನಲ್ಲಿದ್ದ ಸಾರುಗಳನ್ನು ಬಿಸಿ ಮಾಡಿ, ಕುಮಾರಸ್ವಾಮಿಯದನ್ನು ಕೃಷ್ಣಪ್ಪನಿಗೆ, ಕೃಷ್ಣಪ್ಪನದನ್ನು ಕುಮಾರಸ್ವಾಮಿಗೆ ಎಂದು ಅದಲುಬದಲು ಮಾಡಿ, ಮನೆಯಲ್ಲಿದ್ದ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ತಾವೇ ಒಯ್ದು ಕೊಟ್ಟು ಬಂದರು. ಐದು ಮನೆ, ಐದು ಪಾತ್ರೆ. ಬಂದು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತರು.

ಪಾತ್ರೆಗಳು ಒಂದೊಂದಾಗಿ ಬಂದವು. ಯಾವುದೂ ಖಾಲಿ ಬರಲಿಲ್ಲ. ಮೊದಲನೆಯದರಲ್ಲಿ ಒಂದು ಹಿಡಿ ಸಕ್ಕರೆ. ಎರಡನೆಯದರಲ್ಲಿ ಎರಡು ಬಾಳೆಹಣ್ಣು. ಮೂರನೆಯದರಲ್ಲಿ ಮತ್ತೆ ಬಾಳೆಹಣ್ಣು. ನಾಲ್ಕನೆಯದರಲ್ಲಿ ನಾಲ್ಕು ಕಾಳು ಕಲ್ಲುಸಕ್ಕರೆ. ಹತ್ತು ಲೀಟರು ಹಿಡಿಯುವ ಐದನೆಯ ತಪ್ಪಲೆಯ ನಡುವೆ ಒಂದು ನಿಂಬೆಹಣ್ಣು.

“ಸಂಪ್ರದಾಯ ಎಲ್ಲರಿಗೂ ಗೊತ್ತಿದೆ ಮಾವ,” ಎಂದಳು ವಾಣಿ. “ಅಳತೆ ಗೊತ್ತಿಲ್ಲದೆ ಇದ್ದೋರು ನೀವೊಬ್ರೇ.”

ಹೊತ್ತು ಇಳಿಯುತ್ತಿತ್ತು. ಅಕ್ಕಪಕ್ಕದ ಮನೆಗಳಿಂದ ವಡೆ ಕರಿಯುವ ವಾಸನೆ ಬರತೊಡಗಿತು. ತಮ್ಮದೇ ಎಣ್ಣೆಯ ವಾಸನೆ ಎಂದುಕೊಂಡರು ಬೀರಯ್ಯನವರು. ನಾಳೆ ಬಂದು ಕೂರುವವಳ ಎಲೆಗೆ ಕಜ್ಜಾಯದ ಬದಲು ತಮ್ಮ ಮರ್ಯಾದೆಯನ್ನು ಬಡಿಸಲಾಗುವುದಿಲ್ಲ. ಅವರು ಎದ್ದು, ಒಂದು ಬಟ್ಟಲು ತೆಗೆದುಕೊಂಡು, ಮುಚ್ಚದೆ, ಎದುರುಮನೆಗೆ ನಡೆದರು. ವಾಣಿ ಹಿಂದೆಯೇ ಬಂದಳು.

“ಭಾಗ್ಯಮ್ಮ, ನಾಳೆ ನಮ್ಮಾಕೆಗೆ ಎಡೆ. ಕಜ್ಜಾಯಕ್ಕೆ ಎಣ್ಣೆ ಇಲ್ಲ.” ಇಷ್ಟು ಹೇಳುವಾಗ ಅವರ ಕಿವಿ ಕೆಂಪಾಯಿತು. “ನಲವತ್ತೊಂದು ವರ್ಷ ಅವಳು ಕೇಳ್ದೆ ನಡೆಸಿದ್ಲು. ನಾನು ಒಂದು ವರ್ಷ ನಡೆಸಕ್ಕಾಗ್ಲಿಲ್ಲ.”

ಭಾಗ್ಯಮ್ಮನ ಮುಖ ಸಣ್ಣದಾಯಿತು. ಆಮೇಲೆ ಕೊನೆಯ ಮಾತು ಕಿವಿಗೆ ಬಿದ್ದು, ಅವರಿಗೆ ನಗು ತಡೆಯಲಾಗಲಿಲ್ಲ.

“ಯಾರು, ದೇವೀರಕ್ಕ ಕೇಳ್ದೆ ನಡೆಸಿದ್ರಾ? ಅಯ್ಯೋ ಬೀರಣ್ಣ! ಎಣ್ಣೆ, ಕಾಫಿಪುಡಿ, ಹೋದ ವರ್ಷದ ಎಡೆಗೆ ಬೆಲ್ಲ, ಎಲ್ಲಾ ನಮ್ಮನೇದೇ. ಹಿಂದಿನ ಬಾಗಿಲಲ್ಲಿ ಬರೋರು, ಸೆರಗಲ್ಲಿ ಬಟ್ಟಲು ಮುಚ್ಕೊಂಡು. ‘ನಮ್ಮನೆಯೋರಿಗೆ ಗೊತ್ತಾಗೋದು ಬ್ಯಾಡ ಕಣೆ, ಬೇಜಾರು ಮಾಡ್ಕೊಂಡು ಊಟ ಬುಡ್ತಾರೆ’ ಅನ್ನೋರು. ನಾನೂ ಅಂಗೇ ಹೋಗ್ತಿದ್ದೆ ನಿಮ್ಮನೇಗೆ.”

ಬೀರಯ್ಯನವರು ಕೈಯಲ್ಲಿದ್ದ ಬಟ್ಟಲನ್ನು ನೋಡಿದರು. ಸೆರಗಿನ ಕೆಳಗೆ ಹೋಗುತ್ತಿದ್ದದ್ದು ಇರಲಿ, ಬರುತ್ತಿದ್ದದ್ದೇನೆಂದೂ ಅವರು ನೋಡಿರಲಿಲ್ಲ.

“ಕಳ್ಳಿ,” ಎಂದರು ಕೊನೆಗೆ. ಕಣ್ಣು ತುಂಬಿಬಂದಿತ್ತು.

“ಒಳಗೆ ಬನ್ನಿ ಇಬ್ರೂ. ಬಾಣಲೆ ಕಾದಿದೆ. ಎಣ್ಣೆ ಅತ್ಲಾಗೆ ಇತ್ಲಾಗೆ ಯಾಕೆ ಹೊರಬೇಕು? ಹಿಟ್ಟು ತಗೊಂಬಾ ವಾಣಿ, ಇಲ್ಲೇ ಕರಿಯೋಣ.”

ಆ ಸಂಜೆ ಭಾಗ್ಯಮ್ಮನ ಒಲೆಯ ಮುಂದೆ ವಾಣಿ ಮೂವತ್ತು ಕಜ್ಜಾಯ ಕರಿದಳು. ಮೊದಲನೆಯದು ಒಡೆಯಿತು, ಎರಡನೆಯದು ಸೀಯಿತು, ಮೂರನೆಯದು ನೆಟ್ಟಗೆ ಬಂತು. ಬೀರಯ್ಯನವರು ಪಕ್ಕದಲ್ಲಿ ನಿಂತು ಒಂದೊಂದಕ್ಕೂ ತಪ್ಪು ಹುಡುಕಿದರು.

ಮಾರನೆಯ ದಿನ ಸಂಜೆ ಎಲೆ ಹಾಕಿ ಬಡಿಸಿದರು. ಹೊಸ ಸೀರೆ, ವೀಳ್ಯ, ಅನ್ನ, ಸಾರು, ವಡೆ, ನಡುವೆ ಐದು ಕಜ್ಜಾಯ. ಧೂಪ ಹಾಕಿ, ನೆಲಕ್ಕೆ ಹಣೆ ಮುಟ್ಟಿಸಿ, ಬಾಗಿಲು ಮುಚ್ಚಿ ಹೊರಗೆ ಬಂದರು. ಬೀರಯ್ಯನವರು ಬಾಗಿಲಿಗೇ ಬೆನ್ನು ಕೊಟ್ಟು ಕೂತರು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು.

“ಅಪ್ಪ, ಇನ್ನು ತೆಗೀಬಹುದಲ್ಲ,” ಎಂದ ಪ್ರಸಾದ್. “ಸಾರು ಆರೋಗುತ್ತೆ. ನಂಗೆ ಪಾಳಿಗೆ ಹೊತ್ತಾಯ್ತು, ಹೊಟ್ಟೆ ಬೇರೆ ಹಸೀತಿದೆ.”

“ತಡಿಯೋ.”

“ಎಲ್ಲರ ಮನೇಲೂ ಆಗೋಯ್ತು.”

“ಆಗ್ಲಿ. ನಿಮ್ಮವ್ವ ಈ ಮನೇಲಿ ಯಾವತ್ತು ಎಲ್ಲರಿಗಿಂತ ಮೊದಲು ಕೂತು ಉಂಡಿದ್ಲು? ನಮಗೆಲ್ಲ ಹಾಕಿ, ಮಿಕ್ಕಿದ್ರೆ ಉಂಡ್ಲು, ಇಲ್ದಿದ್ರೆ ಇಲ್ಲ. ಇವತ್ತು ಮೊದಲ್ನೇ ಸಲ ಕೂತವ್ಳೆ. ನಿಧಾನವಾಗಿ ತಿನ್ಲಿ.”

ಪ್ರಸಾದ್ ವಾಣಿಯ ಮುಖ ನೋಡಿದ. ವಾಣಿ ತಲೆ ತಗ್ಗಿಸಿ ಮಾವನ ಪಕ್ಕದಲ್ಲೇ ನೆಲಕ್ಕೆ ಕೂತಳು. ಅವನೂ ಕೂತ. ಒಳಗಿನಿಂದ ಧೂಪದ ವಾಸನೆ ಬಾಗಿಲ ಸಂದಿಯಲ್ಲಿ ಬರುತ್ತಿತ್ತು.

“ಇನ್ನೆಷ್ಟು ಹೊತ್ತಪ್ಪ?” ಎಂದ ಪ್ರಸಾದ್ ಇನ್ನೊಂದು ಐದು ನಿಮಿಷ ಬಿಟ್ಟು.

ಬೀರಯ್ಯನವರು ಬಾಗಿಲಿಗೆ ಕಿವಿಯಿಟ್ಟು ಆಲಿಸಿದರು.

“ಅವಳು ಕೈ ತೊಳೀಲಿ,” ಎಂದರು.