ಸಮಾಧಾನ ಹೇಳದೆ ರೊಟ್ಟಿ ಇಲ್ಲ

ನಮ್ಮ ಪ್ರಾರ್ಥನಾ ಮಂದಿರಕ್ಕೆ ಮೈಕು ಬೇಡವೆಂದು ಮೊದಲೇ ಹೇಳಿದವಳು ನಾನು. ಇರುವುದೇ ಅಷ್ಟಗಲದ ಕೋಣೆ. ಈ ಮೂಲೆಯಲ್ಲಿ ಕೆಮ್ಮಿದರೆ ಆ ಮೂಲೆಗೆ ಕೇಳುತ್ತದೆ. ದೇವರಿಗೇನು ಕಿವಿ ಮಂದವೇ? ಆದರೆ ನನ್ನ ಮಾತು ಯಾರು ಕೇಳುತ್ತಾರೆ! ಮೈಕು ಬಂತು, ಸ್ಪೀಕರಿನ ಡಬ್ಬಿಯೂ ಬಂತು. ಅದನ್ನು ಕಿಟಕಿಯಲ್ಲಿ ಬೀದಿಗೆ ಮುಖ ಮಾಡಿ ಇಟ್ಟರು. ಶಹಾಬಾದಿನ ನಮ್ಮ ಓಣಿಗೆಲ್ಲ ಸುವಾರ್ತೆ ಮುಟ್ಟಲಿ ಅಂತ.

ಆ ಮಂದಿರ ಎದ್ದದ್ದು ನಮ್ಮವರ ಕೈಯಿಂದ. ನಮ್ಮವರು ಅಂದರೆ ನನ್ನ ಗಂಡ ಗೊಲ್ಲಾಳಪ್ಪ. ಕಲ್ಲಿನ ಗಣಿಯಲ್ಲಿ ದುಡಿದವರು. ನೆಲಕ್ಕೆ ಹಾಸಿದ ಪರಸಿ ಕಲ್ಲೆಲ್ಲ ಅವರೇ ಹೊತ್ತು ತಂದು ಕೂಡಿಸಿದ್ದು. ಸಭೆಯ ಹಿರಿಯರು ಅವರೇ. ಭಾಳ ಮೆತ್ತಗಿನ ಮನುಷ್ಯ. ಬಿರುಸೆಲ್ಲ ನನ್ನ ಪಾಲಿಗೆ ಬಂದಿತ್ತು. ದೀಕ್ಷಾಸ್ನಾನದ ದಿನ ಯಾರೋ ನನಗೆ, ಶಿವಕಾಂತಮ್ಮ ಅನ್ನುವ ಹೆಸರು ಬಿಟ್ಟು ಬೇರೆ ಇಟ್ಟುಕೋ ಅಂದಾಗ, "ಕರ್ತ ಇದೇ ಹೆಸರು ಹಿಡಿದು ಕರ್ದಾನ, ನಿಂದೇನ್ ಗಂಟು ಹೋಗ್ತದ?" ಎಂದಿದ್ದೆ. ನಮ್ಮವರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕಿದ್ದರು.

ನಮ್ಮ ಸಭೆಗೆ ಒಂದು ಕಟ್ಟಳೆ ಇತ್ತು, ಅದೂ ಅವರು ಹಾಕಿದ್ದೇ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಅವನ ನೆನಪಿಗೆ ಎಲ್ಲರೂ ಕೂಡಿ ರೊಟ್ಟಿ ಮುರಿದು ತಿನ್ನುವುದು. ನಾವು ತಿನ್ನುವ ಜೋಳದ ರೊಟ್ಟಿಯೇ ಅಲ್ಲಿಯೂ. ಅದನ್ನು ಬಡಿಯುವವಳು ನಾನು. ಆದರೆ ರೊಟ್ಟಿ ಮುರಿಯುವ ಮೊದಲು ಎಲ್ಲರೂ ಎದ್ದು, ಗಂಡಸರು ಗಂಡಸರ, ಹೆಂಗಸರು ಹೆಂಗಸರ ಕೈಗಳನ್ನು ಹಿಡಿದು 'ಸಮಾಧಾನ' ಎನ್ನಬೇಕು. ಗಂಡ ಹೆಂಡತಿ ಮನೆಯಲ್ಲೇ ಹೇಳಿಕೊಂಡು ಬರಬೇಕು. ಯಾರಾದರೂ ಒಬ್ಬರು ಇನ್ನೊಬ್ಬರ ಕೈ ಹಿಡಿಯದಿದ್ದರೆ ಅವತ್ತು ಯಾರಿಗೂ ರೊಟ್ಟಿ ಇಲ್ಲ. ಪಲ್ಯದ ಉಪ್ಪಿನ ಸಲುವಾಗಿ ಜಗಳವಾಡಿ ಮುಖ ಊದಿಸಿಕೊಂಡಿದ್ದರೂ, ಆ ಭಾನುವಾರ ನಮ್ಮವರು ಒಲೆಯ ಮುಂದೆಯೇ ನನ್ನ ಹಿಟ್ಟಿನ ಕೈ ಹಿಡಿದು, "ಸಮಾಧಾನನೇನ?" ಅನ್ನುತ್ತಿದ್ದರು. ಸಿಟ್ಟು ಎಲ್ಲಿ ಉಳಿಯಬೇಕು?

ಅಂಥ ಸಭೆಗೆ ಕೊಳ್ಳಿ ಬಿದ್ದದ್ದು ಒಂದು ಉಪವಾಸ ಪ್ರಾರ್ಥನೆಯ ಕೂಟದಲ್ಲಿ.

ಪೀರಮ್ಮ ನನ್ನ ಗೆಳತಿ, ನಮ್ಮಲ್ಲಿ ಹಾಡು ಎತ್ತುವವಳು. ಅವಳ ಮಗಳು ಭುವನೇಶ್ವರಿಯನ್ನು ಸೇಡಮ್ಮಿಗೆ ಕೊಟ್ಟಿದ್ದರು. ಅಳಿಯ ಕುಡಿದು ಬಡಿಯುತ್ತಾನೆಂದು ಹುಡುಗಿ ತವರಿಗೆ ಬಂದಿದ್ದಳು. ಎರಡೂ ಕಡೆಯ ಹಿರಿಯರು ಸದ್ದಿಲ್ಲದೆ ಕೂತು ಮಾತಾಡಿ, ಅಳಿಯನಿಗೆ ಬುದ್ಧಿ ಹೇಳಿದ್ದರು; ಇನ್ನೇನು ಅವನ ಮನೆಯವರು ಅವಳನ್ನು ಕರೆದೊಯ್ಯಲು ಬರುವವರಿದ್ದರು. ಈ ಸಂಗತಿಯನ್ನು ಪೀರಮ್ಮ ಹೇಳಿಕೊಂಡದ್ದು ನನಗೆ, ಮತ್ತೆ ಶೈಲಶ್ರೀಗೆ. ಶೈಲಶ್ರೀ ಶಾಲೆಯ ಟೀಚರ್, ಉಪವಾಸ ಕೂಟ ನಡೆಸುವವಳು. ಒಳ್ಳೆಯ ಹುಡುಗಿ, ಸುಳ್ಳೇಕೆ ಹೇಳಲಿ? ಯಾರ ಮನೆಯಲ್ಲಿ ಜ್ವರವೆಂದರೂ ಅನ್ನ ಬಿಟ್ಟು ಮೊಣಕಾಲೂರುತ್ತಾಳೆ. ಆದರೆ ಪ್ರಾರ್ಥನೆಗೆ ಕೂತರೆ ಮೈಮೇಲೆ ಖಬರಿರುವುದಿಲ್ಲ.

ಅವತ್ತು ಕಣ್ಣು ಮುಚ್ಚಿ, ಮೈಕು ಹಿಡಿದು, ಗಳಗಳ ಅಳುತ್ತ ಶುರು ಮಾಡಿದಳು: "ಕರ್ತನೇ, ನಮ್ಮ ಭುವನೇಶ್ವರಿಯ ಕಣ್ಣೀರು ನೋಡು. ಸೇಡಮ್ಮಿನ ಆ ಮನೆಯಲ್ಲಿರುವ ಕುಡುಕತನದ ಆತ್ಮವನ್ನು ಕಟ್ಟಿಹಾಕು. ಹೆಂಡತಿಯ ಮೇಲೆ ಏಳುವ ಆ ಕೈಯನ್ನು ತಡೆ..."

ನಾನು ಅವಳ ಸೆರಗು ಜಗ್ಗಿದೆ. ಆತ್ಮನ ಪ್ರೇರಣೆ ಅಂದುಕೊಂಡಳೋ ಏನೋ, ದನಿ ಇನ್ನೂ ಏರಿತು. ನಮ್ಮ ಮಂದಿರದ ಎದುರು ಮನೆಯೇ ಆ ಅಳಿಯನ ಸೋದರತ್ತೆಯದು.

ಸಂಜೆಯೊಳಗೆ ಸೇಡಮ್ಮಿನಿಂದ ಫೋನು ಬಂತು. ನಮ್ಮ ಮಾನ ಬೀದಿಗೆ ಹಾಕಿದಿರಿ, ನಿಮ್ಮ ಮಗಳನ್ನು ನೀವೇ ಇಟ್ಟುಕೊಳ್ಳಿರಿ ಅಂದರು. ಭುವನೇಶ್ವರಿ ಎರಡು ದಿನ ಬಾಗಿಲು ತೆರೆಯಲಿಲ್ಲ. ಪೀರಮ್ಮ ಶೈಲಶ್ರೀಯ ಅಂಗಳಕ್ಕೆ ಹೋಗಿ ಬಾಯಿಗೆ ಬಂದಂತೆ ಬೈದಳು. ಶೈಲಶ್ರೀ ಅತ್ತದ್ದೂ ಹೌದು, ಆದರೆ ಕೇಳಿದ್ದು ಒಂದೇ ಮಾತು: "ಪ್ರಾರ್ಥನಾ ಮಾಡೋದೂ ತಪ್ಪೇನ್ರಿ?"

ತಪ್ಪಾಯಿತು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು?

ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಸಭೆಯಲ್ಲಿ ಒಡಕಿನ ಆತ್ಮ ಹೊಕ್ಕಿದೆ, ಅದನ್ನು ಓಡಿಸಬೇಕೆಂದು ಶೈಲಶ್ರೀಯ ಮನೆಯಲ್ಲಿ ಒಂದಿಷ್ಟು ಜನ ಉಪವಾಸ ಕೂತರು. ಅದೇ ಆತ್ಮವನ್ನು ಓಡಿಸಲು ಪೀರಮ್ಮನ ಮನೆಯಲ್ಲಿ ಇನ್ನೊಂದಿಷ್ಟು ಜನ ಕೂತರು. ಇಲ್ಲಿ ಚಪ್ಪಾಳೆ, ಅಲ್ಲಿ ಚಪ್ಪಾಳೆ. ಇವರ ಪ್ರಾರ್ಥನೆಯ ಸೈತಾನನಿಗೆ ಪೀರಮ್ಮನ ಮುಖ, ಅವರ ಸೈತಾನನಿಗೆ ಶೈಲಶ್ರೀಯ ಮುಖ. ಖರೇ ಸೈತಾನನಿಗೆ ನಮ್ಮೂರಲ್ಲಿ ಕೆಲಸವೇ ಉಳಿಯಲಿಲ್ಲ, ಆರಾಮ ಮಲಗಿರಬೇಕು.

ಮೊದಲ ಭಾನುವಾರ ಬಂತು, ಇಬ್ಬರೂ ಕೈ ಹಿಡಿಯಲಿಲ್ಲ. ನಾನು ಬಡಿದ ರೊಟ್ಟಿ ಹಾಗೇ ಮನೆಗೆ ಬಂತು. ಮುಂದಿನ ತಿಂಗಳೂ ಅದೇ. ಬರಬರುತ್ತ ಜನ ಕಡಿಮೆಯಾದರು. ವಾಡಿಯಿಂದ ರೈಲಿಗೆ ಬರುತ್ತಿದ್ದ ಎರಡು ಮನೆಯವರು ಬರುವುದನ್ನೇ ಬಿಟ್ಟರು. ನಮ್ಮ ಪಾಸ್ಟರ್ ಅಂಬರೇಶ ಸಣ್ಣ ವಯಸ್ಸಿನವನು. ಇವರಿಗೆ ಹೇಳಿದರೆ ಅವರು ಸಿಟ್ಟಾಗುತ್ತಾರೆ, ಅವರಿಗೆ ಹೇಳಿದರೆ ಇವರು. ಪಾಪ, ಹೈರಾಣಾಗಿ ಹೋದ.

ಅಷ್ಟರಲ್ಲಿ ನಮ್ಮವರು ಹಾಸಿಗೆ ಹಿಡಿದರು. ಕಲ್ಲಿನ ಧೂಳು ಕುಡಿದ ಎದೆ, ವರ್ಷಗಳಿಂದ ಗೊರಗುಡುತ್ತಲೇ ಇತ್ತು. ಕಲಬುರಗಿಯ ದವಾಖಾನೆಯಲ್ಲಿ ಕೈ ಚೆಲ್ಲಿ, ಮನೆಗೆ ಕರೆದುಕೊಂಡು ಹೋಗಿರಿ ಅಂದರು.

ಅಂಬರೇಶ ಬಂದು ಅವರ ಕಾಲ ಬಳಿ ಕೂತು ಹೇಳಿದ: "ಹಿರಿಯರೇ, ಕರ್ತನ ಭೋಜನ ಮನೀಗೇ ತರ್ತೀನಿ. ನೀವು ತಗೋರಿ."

ನಮ್ಮವರು ತಲೆ ಅಲ್ಲಾಡಿಸಿದರು. "ನಾ ಒಬ್ಬಂವ ತಗೊಂಡ್ರ ಅದು ಊಟ ಆಗ್ತದೇನಪಾ? ಎಲ್ಲಾರೂ ಕೂಡಲಿ. ಅವರಿಬ್ಬರೂ ಸಮಾಧಾನ ಹೇಳಲಿ. ಆಮ್ಯಾಲ ತಗೋತೀನಿ."

"ನಿಮ್ಮ ಹಟ ನಿಮಗ! ಉಸಿರು ಎಷ್ಟುಳದದ ಗೊತ್ತದೇನು?" ಎಂದು ನಾನು ಗದರಿದೆ.

"ಗೊತ್ತದ, ಶಿವಕಾಂತಾ. ಅದಕ್ಕ ಹೇಳ್ಲಿಕತ್ತೀನಿ. ಸೈತಾನ ಪೀರಮ್ಮನ ಒಳಗಿಲ್ಲ, ಆ ಹುಡುಗಿ ಒಳಗೂ ಇಲ್ಲ. ಇಬ್ಬರ ನಡುವ ಜಾಗಾ ಬಿಟ್ಟೀವಲ್ಲ, ಅಲ್ಲಿ ಕುಂತಾನ. ನೀ ಹೋಗಿ ಕರ್ಕೊಂಡು ಬಾ."

ಹೋದೆ. ಸಾಯುವ ಗಂಡನ ಕಡೆಯ ಆಸೆ, ಹೋಗದಿರಲಾಗುತ್ತದೆಯೇ? ಪೀರಮ್ಮ ಜೋಳ ಹಸನು ಮಾಡುತ್ತಿದ್ದಳು. ಒಳಗಿನ ಕೋಣೆಯಲ್ಲಿ ಭುವನೇಶ್ವರಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಅದನ್ನ ನೋಡಕ್ಕಾ," ಅಂದಳು ಪೀರಮ್ಮ. "ಹ್ಯಾಂಗ ಹಿಡೀಲಿ ಆಕಿ ಕೈ?" ಅವಳ ಮೊರ ಆಚೆ ಸರಿಸಿ, ಎರಡೂ ಕೈ ಹಿಡಿದು, "ನಮ್ಮವರ ಸಲುವಾಗಿ ಬಾರವ್ವಾ. ಸೇಡಮ್ಮಿನ ಮಾತು ಆಮ್ಯಾಲ ನೋಡಮು" ಎಂದು ಅತ್ತೆ. ನಾನು ಅತ್ತದ್ದನ್ನು ಅವಳು ಎಂದೂ ಕಂಡವಳಲ್ಲ. ಬರುತ್ತೇನೆ ಅಂದಳು. ಶೈಲಶ್ರೀಯ ಮನೆಗೂ ಹೋದೆ. "ಹಿರಿಯರ ಸಲುವಾಗಿ ಏನ್ ಬೇಕಾದ್ದು ಮಾಡ್ತೀನ್ರಿ ಅಮ್ಮಾ," ಎಂದು ಅವಳೂ ಒಪ್ಪಿದಳು.

ಭಾನುವಾರ ಸಭೆಯೆಲ್ಲ ನಮ್ಮ ಮನೆಗೇ ಬಂತು. ವಾಡಿಯವರೂ ಬಂದರು. ನಾನು ಬೆಳಿಗ್ಗೆಯೇ ರೊಟ್ಟಿ ಬಡಿದೆ. ನಮ್ಮವರ ಬೆನ್ನಿಗೆ ದಿಂಬು ಕೊಟ್ಟು, ಬಿಳಿ ಅಂಗಿ ತೊಡಿಸಿ ಕೂಡಿಸಿದೆವು. ಒಲೆಯ ಮುಂದಿಂದ ಎದ್ದು ಬಂದ ನನ್ನ ಕೈ ಹಿಡಿದು, "ಸಮಾಧಾನನೇನ?" ಅಂದರು. "ಹೂಂ" ಅಂದೆ. ಅವರ ಮುಖದಲ್ಲಿ ಅಷ್ಟು ಕಳೆ ನಾನು ನೋಡಿ ತಿಂಗಳುಗಳಾಗಿದ್ದವು.

ಎಲ್ಲರೂ ಕೈ ಹಿಡಿದಾಯಿತು. ಕೊನೆಗೆ ಅವರಿಬ್ಬರು ಉಳಿದರು. ಪೀರಮ್ಮ ತಲೆ ತಗ್ಗಿಸಿಕೊಂಡೇ ಮುಂದೆ ಬಂದು ಕೈ ಚಾಚಿದಳು. ಶೈಲಶ್ರೀ ಹಿಡಿದುಕೊಂಡಳು. ನನ್ನ ಹೊಟ್ಟೆ ತಣ್ಣಗಾಯಿತು. ಇನ್ನು ಒಂದು ಶಬ್ದ, ಒಂದೇ ಶಬ್ದ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆ ಹುಡುಗಿಗೆ ಅಷ್ಟಕ್ಕೆ ನಿಲ್ಲಿಸಲು ಬರಬೇಕಲ್ಲ! ಕಣ್ಣಲ್ಲಿ ನೀರು ತಂದುಕೊಂಡು, "ಸ್ತೋತ್ರ ಕರ್ತನೇ! ನಿಮ್ಮ ಸಲುವಾಗಿ ಭಾಳ ಉಪವಾಸ ಮಾಡೀನಿ ಅಕ್ಕಾ. ಇವತ್ತು ನಿಮ್ಮ ಮ್ಯಾಲಿನ ಬಂಧನ ಹರೀತು," ಅಂದಳು.

ಪೀರಮ್ಮ ಕೆಂಡ ಮುಟ್ಟಿದವಳಂತೆ ಕೈ ಕಿತ್ತುಕೊಂಡಳು. "ನನ್ನ ಮ್ಯಾಲಿನ ಬಂಧನಾ? ನನ್ನ ಮಗಳ ಬಾಳೇ ಹಾಳು ಮಾಡಿ ನಂಗ ದೆವ್ವ ಬಿಡಸ್ಲಿಕ್ಕ ಬಂದಿಯೇನು?"

ಆ ಕಡೆಯವರು ಎದ್ದರು, ಈ ಕಡೆಯವರು ಎದ್ದರು. ಸಾಯುವ ಮನುಷ್ಯ ಹಾಸಿಗೆಯ ಮೇಲೆ ಕೂತಿದ್ದಾನೆ ಎಂಬುದನ್ನೇ ಮರೆತರು. "ನೋಡ್ರಿ, ನೋಡ್ರಿ, ಇದೇ ಆ ಆತ್ಮ!" ಎಂದು ಯಾರೋ ಕೂಗಿದರು. ಅಂಬರೇಶ ನಡುವೆ ನಿಂತು ಕೈ ಮುಗಿದ. ನಮ್ಮವರು ಏನೋ ಹೇಳಲು ಬಾಯಿ ತೆರೆದರು, ಕೆಮ್ಮು ಬಂತು, ದನಿ ಹೊರಡಲಿಲ್ಲ. ಒಬ್ಬರಾದರೂ ತಿರುಗಿ ನೋಡಲಿಲ್ಲ. ಎಲ್ಲರೂ ಹೋದ ಮೇಲೆ ನಾನೇ ರೊಟ್ಟಿಯ ಒಂದು ಚೂರು ಮುರಿದು ಅವರ ತುಟಿಯ ಹತ್ತಿರ ಹಿಡಿದೆ. "ತಗೋರಿ, ದೇವ್ರು ಬ್ಯಾಡ ಅನ್ನಾಂಗಿಲ್ಲ," ಅಂದೆ. ಅವರು ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. ಬುಧವಾರ ಮಧ್ಯಾಹ್ನ ತೀರಿಕೊಂಡರು.

ಮಣ್ಣಿಗೆ ಸೇಡಮ್, ಚಿತ್ತಾಪುರ, ಚಿಂಚೋಳಿ ಕಡೆಯ ಸಭೆಗಳವರೆಲ್ಲ ಬಂದಿದ್ದರು. ಗುಂಡಿಯ ಅಂಚಿನಲ್ಲಿ ಶೈಲಶ್ರೀ ಪೀರಮ್ಮನ ಕಾಲಿಗೆ ಬಿದ್ದಳು. "ನಂದೇ ತಪ್ಪು ಅಕ್ಕಾ, ನಾ ಬಾಯಿ ಬಿಡಬಾರದಿತ್ತು, ಭುವನೇಶ್ವರಿ ಮುಂದೂ ಹೇಳ್ತೀನಿ," ಎಂದು ಹೊರಳಾಡಿ ಅತ್ತಳು. ಪೀರಮ್ಮ ಅವಳನ್ನು ಎತ್ತಿ ಎದೆಗೆ ಒತ್ತಿಕೊಂಡಳು. ನೋಡಿದವರೆಲ್ಲ ಅತ್ತರು. ಕರ್ತನು ಜಯಿಸಿದ ಎಂದು ಚಿಂಚೋಳಿಯ ಪಾಸ್ಟರ್ ಹೇಳಿದರು. ನನ್ನ ಕಣ್ಣಲ್ಲಿ ಮಾತ್ರ ಒಂದು ಹನಿ ಬರಲಿಲ್ಲ. ಬುಧವಾರದವರೆಗೆ ಎಲ್ಲಿ ಇಟ್ಟಿದ್ದರಂತೆ ಈ ಮಾತು?

ಮತ್ತೆ ಮೊದಲ ಭಾನುವಾರ ಬಂತು. ರೊಟ್ಟಿಯನ್ನು ಪೀರಮ್ಮನೇ ಬಡಿದು ತಂದಿದ್ದಳು. ಮಂದಿರ ತುಂಬಿತ್ತು. ಭುವನೇಶ್ವರಿ ಕೂಡ ಬಂದು ಶೈಲಶ್ರೀಯ ಪಕ್ಕ ಕೂತಿದ್ದಳು. "ಇವತ್ತು ಹಿರಿಯರ ಆಸೆ ತೀರಲಿ," ಎಂದು ಅಂಬರೇಶ ಹೇಳಿದ. ಎಲ್ಲರೂ ಎದ್ದು ಒಬ್ಬರ ಕೈ ಒಬ್ಬರು ಹಿಡಿದರು. ಕಡೆಗೆ ಪೀರಮ್ಮ, ಶೈಲಶ್ರೀ ಇಬ್ಬರೂ ಕೂಡಿಯೇ ನನ್ನ ಮುಂದೆ ಬಂದು ಮೊಣಕಾಲೂರಿ ಕೈ ಚಾಚಿದರು. "ಸಮಾಧಾನ, ಅಕ್ಕಾ," ಅಂದಳು ಪೀರಮ್ಮ.

ಸೆರಗಿನೊಳಗಿದ್ದ ನನ್ನ ಕೈ ಏಳಲಿಲ್ಲ.

"ಅಕ್ಕಾ..."

"ಅವರು ಕೇಳಿದ್ರಲ್ಲ," ಅಂದೆ. "ಬಾಯಿ ಬಿಟ್ಟು ಕೇಳಿದ್ರು. ಎಲ್ಲಾರ ಕೂಡ ಒಂದು ತುತ್ತು."

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಚಾಚಿದ ಕೈ ಚಾಚಿಕೊಂಡೇ ಇಬ್ಬರೂ ಕೂತರು. ಆಮೇಲೆ ಶೈಲಶ್ರೀ ಕಣ್ಣು ಮುಚ್ಚಿ, ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಬೇಡತೊಡಗಿದಳು: "ಕರ್ತನೇ, ಅಮ್ಮನ ಎದೆ ಕಲ್ಲಾಗಿದೆ. ಅದನ್ನು ಮಾಡಿದವರು ನಾವು. ಇವರನ್ನು ವೈರಿಯ ಕೈಗೆ ಬಿಡಬೇಡ."

ಅವಳ ಪ್ರಾರ್ಥನೆಯಲ್ಲಿ ಅವತ್ತು ತಪ್ಪು ಮಾತು ಒಂದೂ ಇರಲಿಲ್ಲ. ನಾನೂ ಮನಸ್ಸಿನಿಂದಲೇ ಆಮೆನ್ ಅಂದೆ. ನಮ್ಮವರಿದ್ದರೆ ಏನು ಹೇಳುತ್ತಿದ್ದರೆಂಬುದೂ ನನಗೆ ಗೊತ್ತಿತ್ತು. ಆದರೂ ಕೈ ಏಳಲಿಲ್ಲ. ಭಾಳ ಹೊತ್ತು ಕಾದು ಎಲ್ಲರೂ ರೊಟ್ಟಿ ಮುಟ್ಟದೆ ಮನೆಗೆ ಹೋದರು.